ತುಂಬು ತಿಂಗಳಲ್ಲಿ ಮೀನೆಣ್ಣೆ ಗುಳಿಗೆ: ಹೆದರಬೇಕಾದದ್ದು ಯಾವುದಕ್ಕೆ?

(ಮಂಡ್ಯದಲ್ಲಿ ಗರ್ಭಿಣಿಯರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಸ್ತ್ರೀರೋಗ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ತುಂಬು ಬಸುರಿಯರು ಕುಳಿತಿದ್ದೀರಿ, ಪಕ್ಕದಲ್ಲಿ ಅಮ್ಮಂದಿರು, ಅತ್ತೆಯರು ಇದ್ದೀರಿ. ನಡುವೆ ಎದ್ದು ಓಡಾಡಬೇಕೆನಿಸಿದರೆ ಸಂಕೋಚ ಬೇಡ. ನೀರು ಕುಡಿಯುತ್ತಿರಿ.

ಇವತ್ತಿನ ವಿಷಯವನ್ನು ನಾನು ಆರಿಸಿದ್ದಲ್ಲ, ನನ್ನಲ್ಲಿಗೆ ತಪಾಸಣೆಗೆ ಬರುವ ಹೆಣ್ಣುಮಕ್ಕಳು ಆರಿಸಿಕೊಟ್ಟದ್ದು. ಎಂಟನೇ ತಿಂಗಳಿಗೆ ಕಾಲಿಟ್ಟ ಕೂಡಲೇ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ಮೇಡಂ, ಈ ಮೀನೆಣ್ಣೆ ಗುಳಿಗೆ ನುಂಗುತ್ತಿದ್ದೇನೆ. ಹೆರಿಗೆ ಹತ್ತಿರ ಬಂತು, ರಕ್ತ ನಿಲ್ಲುವುದಿಲ್ಲವಂತೆ, ನಿಜವೇ?" ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಮಗು ಚುರುಕಾಗಲಿ ಎಂದು ಒಂದರ ಬದಲು ಮೂರು ಗುಳಿಗೆ ನುಂಗುತ್ತಿರುತ್ತಾರೆ, ಆದರೆ ನನಗೆ ಹೇಳಿರುವುದಿಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ಗರ್ಭಿಣಿ ಸಾಮಾನ್ಯ ಪ್ರಮಾಣದಲ್ಲಿ ಮೀನೆಣ್ಣೆ ಗುಳಿಗೆ ತೆಗೆದುಕೊಂಡರೆ ಕೊನೆಯ ತಿಂಗಳುಗಳಲ್ಲೂ ಅಪಾಯವಿಲ್ಲ. ಹೆರಿಗೆಯಲ್ಲಿ ರಕ್ತ ನಿಲ್ಲದೆ ಹರಿಯುತ್ತದೆ ಎಂಬ ಭಯಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ನೀವು ಕೇಳದೇ ಇರುವ ಇನ್ನೊಂದು ಪ್ರಶ್ನೆ ಇದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಈ ಎಣ್ಣೆ ಗರ್ಭದ ಅವಧಿಯನ್ನು ತುಸು ಮುಂದಕ್ಕೆ ತಳ್ಳುತ್ತದೆ. ತಿಂಗಳಿಗೆ ಮುಂಚೆಯೇ ಹೆರಿಗೆಯಾಗುವ ಭಯವಿದ್ದವರಿಗೆ ಅದು ವರ. ದಿನ ತುಂಬಿ ಮೀರುತ್ತಿರುವವರ ವಿಷಯದಲ್ಲಿ ಮಾತ್ರ ನಾವು ಕಣ್ಣಿಟ್ಟು ಕಾಯಬೇಕು.

ಮೊದಲು ರಕ್ತದ ಭಯವನ್ನೇ ತೆಗೆದುಕೊಳ್ಳೋಣ. ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳಲ್ಲಿ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಮುಖ್ಯವಾದವು. ರಕ್ತದ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಒಂದಕ್ಕೊಂದು ಅಂಟಿಕೊಳ್ಳುವ ಗುಣವನ್ನು ಇಪಿಎ ಸ್ವಲ್ಪ ತಗ್ಗಿಸುತ್ತದೆ. ಇದು ನಿಜ, "ರಕ್ತ ತೆಳುವಾಗುತ್ತದೆ" ಎಂಬ ಮಾತು ಹುಟ್ಟಿದ್ದೂ ಇಲ್ಲಿಂದಲೇ. ಆದರೆ ಹೆರಿಗೆಯಲ್ಲಿ ರಕ್ತ ನಿಲ್ಲುವುದು ಹೇಗೆಂದು ಗೊತ್ತಾದರೆ ಭಯದ ಮುಕ್ಕಾಲು ಪಾಲು ಇಳಿಯುತ್ತದೆ. ಮಗು ಹುಟ್ಟಿ ಮಾಸು ಬಿಟ್ಟುಕೊಂಡ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಅವುಗಳನ್ನು ಮುಚ್ಚುವ ಮೊದಲ ಕೆಲಸ ಕಿರುಬಿಲ್ಲೆಗಳದ್ದಲ್ಲ, ಗರ್ಭಕೋಶದ ಮಾಂಸಖಂಡದ್ದು. ಅದು ಗಟ್ಟಿಯಾಗಿ ಕುಗ್ಗಿ ನಾಳಗಳನ್ನು ಹಿಂಡಿ ಹಿಡಿಯುತ್ತದೆ. ಮಗು ಹೊರಬಂದ ಕೂಡಲೇ ನರ್ಸ್ ನಿಮಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದೂ, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಚೆಂಡಿನಂತೆ ಗಟ್ಟಿಯಾಯಿತೇ ಎಂದು ಒತ್ತಿ ನೋಡುವುದೂ ಅದಕ್ಕಾಗಿಯೇ. ಹೆರಿಗೆಯ ನಂತರ ವಿಪರೀತ ರಕ್ತ ಹೋಗುವುದಕ್ಕೆ ದೊಡ್ಡ ಕಾರಣ ಗರ್ಭಕೋಶ ಹೀಗೆ ಕುಗ್ಗದಿರುವುದು. ಮಾಸಿನ ತುಂಡು ಒಳಗೆ ಉಳಿಯುವುದು ಮತ್ತು ಮಗು ಬರುವ ದಾರಿ ಹರಿದು ಗಾಯವಾಗುವುದು ಆಮೇಲಿನ ಕಾರಣಗಳು. ರಕ್ತಹೀನತೆ ಇದ್ದವರಿಗೆ ಸ್ವಲ್ಪ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮೀನೆಣ್ಣೆಯ ಗುಳಿಗೆ ಈ ಪಟ್ಟಿಯಲ್ಲಿ ಎಲ್ಲೂ ಮೇಲೆ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯಲ್ಲೂ ಇದನ್ನು ಪರೀಕ್ಷಿಸಿದ್ದಾರೆ. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗುವ ಸುಮಾರು ಒಂದೂವರೆ ಸಾವಿರ ಜನರಲ್ಲಿ ಒಂದು ಗುಂಪಿಗೆ ಮೊದಲೇ ಮೀನೆಣ್ಣೆ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಗುಂಪಿಗೆ ರಕ್ತಸ್ರಾವ ಹೆಚ್ಚಾಗಿರಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ವಯಸ್ಕರಿಗೆ ದಿನಕ್ಕೆ 5 ಗ್ರಾಂವರೆಗಿನ ಪೂರಕ ಇಪಿಎ-ಡಿಎಚ್‌ಎಯಿಂದ ರಕ್ತಸ್ರಾವದ ಆತಂಕವಿಲ್ಲ ಎಂದು 2012ರಲ್ಲಿ ಹೇಳಿತು. ಅಷ್ಟು ತೆಗೆದುಕೊಳ್ಳಿ ಎಂದು ಖಂಡಿತ ಹೇಳುತ್ತಿಲ್ಲ. ನೀವು ನುಂಗುವ ಒಂದು ಗುಳಿಗೆ ಆ ಮಿತಿಯಿಂದ ಎಷ್ಟು ಕೆಳಗಿದೆ ಎಂಬುದು ತಿಳಿಯಲಿ ಎಂದು ಹೇಳಿದೆ.

ಇದಕ್ಕೆ ಹೊರತಾದವರಿದ್ದಾರೆ. ರಕ್ತದೊತ್ತಡದ ಭಯಕ್ಕೆ ಆಸ್ಪಿರಿನ್ ಕೊಟ್ಟಿರುವವರು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವವರು, ಕಿರುಬಿಲ್ಲೆಗಳ ಸಂಖ್ಯೆ ಇಳಿದಿದೆ ಎಂದು ವರದಿ ಬಂದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡವರು: ನೀವು ಮೀನೆಣ್ಣೆಯ ವಿಷಯವನ್ನು ನಿಮ್ಮ ವೈದ್ಯರಿಗೆ ಹೇಳಲೇಬೇಕು. ಹೇಳಿದರೆ ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಬೈದರೂ ಹೇಳಿ.

ಈಗ ದಿನದ ಲೆಕ್ಕ. ಈ ಕಥೆ ಶುರುವಾಗುವುದು ಉತ್ತರ ಅಟ್ಲಾಂಟಿಕ್ ಸಾಗರದ ನಡುವಿನ ಫಾರೋ ದ್ವೀಪಗಳಲ್ಲಿ. ಅಲ್ಲಿನವರ ಊಟದಲ್ಲಿ ಕಡಲ ಮೀನು ಧಾರಾಳ. ಅಲ್ಲಿನ ಮಕ್ಕಳು ಡೆನ್ಮಾರ್ಕಿನ ಮಕ್ಕಳಿಗಿಂತ ತೂಕವಾಗಿ, ಕೆಲವು ದಿನ ತಡವಾಗಿ ಹುಟ್ಟುವುದು 1980ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರ ಗಮನಕ್ಕೆ ಬಂತು. ಇದು ಮೀನಿನಿಂದಲೇ ಇರಬಹುದೇ ಎಂದು ಅವರು 533 ಗರ್ಭಿಣಿಯರಿಗೆ ಸುಮಾರು 30ನೇ ವಾರದಿಂದ ಮೀನೆಣ್ಣೆ ಕೊಟ್ಟೋ, ಆಲಿವ್ ಎಣ್ಣೆ ಕೊಟ್ಟೋ, ಏನೂ ಕೊಡದೆಯೋ ಹೋಲಿಸಿ ನೋಡಿದರು. 1992ರಲ್ಲಿ ಫಲಿತಾಂಶ ಬಂತು. ಮೀನೆಣ್ಣೆ ತೆಗೆದುಕೊಂಡವರ ಗರ್ಭಾವಧಿ ಆಲಿವ್ ಎಣ್ಣೆಯವರಿಗಿಂತ ಸರಾಸರಿ ನಾಲ್ಕು ದಿನ ಹೆಚ್ಚಾಗಿತ್ತು. ಗಮನಿಸಿ, ಶುರು ಮಾಡಿದ್ದೇ ಏಳನೇ ತಿಂಗಳಲ್ಲಿ. ಆದರೂ ಪರಿಣಾಮ ಕಂಡಿತು.

ಕಾರಣ ಹೀಗಿದೆ. ಗರ್ಭಕೋಶದ ಬಾಯಿ ಮೆದುವಾಗಿ ನೋವು ಶುರುವಾಗಲು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಬೇಕು. ನಮ್ಮ ದೇಹ ಇವುಗಳನ್ನು ಒಮೆಗಾ-6 ಗುಂಪಿನ ಕೊಬ್ಬಿನಿಂದ ತಯಾರಿಸುತ್ತದೆ. ಒಮೆಗಾ-3 ಹೆಚ್ಚಾದಾಗ ಅದು ಆ ಜಾಗದಲ್ಲಿ ಬಂದು ಕುಳಿತು ತಯಾರಿಕೆಯನ್ನು ನಿಧಾನಗೊಳಿಸುತ್ತದೆ.

ಇಂತಹ 70 ಪ್ರಯೋಗಗಳನ್ನು, ಹೆಚ್ಚುಕಡಿಮೆ 20,000 ಗರ್ಭಿಣಿಯರ ವಿವರವನ್ನು ಒಟ್ಟುಗೂಡಿಸಿ 2018ರಲ್ಲಿ ಕಾಕ್ರೇನ್ ಎಂಬ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಸಂಸ್ಥೆ ಒಂದು ವಿಮರ್ಶೆ ಪ್ರಕಟಿಸಿತು. ಅದರ ಮೂರು ಅಂಕಿಗಳನ್ನು ಮಾತ್ರ ಹೇಳುತ್ತೇನೆ, ಆಶಾ ಕಾರ್ಯಕರ್ತೆಯರು ಬರೆದುಕೊಳ್ಳಿ. 37 ವಾರ ತುಂಬುವ ಮೊದಲೇ ಆಗುವ ಹೆರಿಗೆ ಶೇ. 13.4ರಿಂದ ಶೇ. 11.9ಕ್ಕೆ ಇಳಿಯಿತು. 34 ವಾರಕ್ಕೂ ಮೊದಲೇ ಆಗುವ, ಮಗುವನ್ನು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದ ಹೆರಿಗೆ ಶೇ. 4.6ರಿಂದ ಶೇ. 2.7ಕ್ಕೆ ಇಳಿಯಿತು. 42 ವಾರ ಮೀರಿದ ಗರ್ಭ ಮಾತ್ರ ಶೇ. 1.6ರಿಂದ ಶೇ. 2.6ಕ್ಕೆ ಏರಿತು.

ಎರಡನೇ ಅಂಕಿಯನ್ನು ಕೇಳಿದಾಗ ನನಗೆ ಮೈ ಝುಮ್ಮೆನ್ನುತ್ತದೆ. ಏಳು ತಿಂಗಳಿಗೇ ಹುಟ್ಟಿ ಉಸಿರಿಗೆ ಒದ್ದಾಡುವ ಒಂದು ಕೂಸನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಹಾಗೆಂದು ಎಲ್ಲರೂ ನಾಳೆಯೇ ಅಂಗಡಿಗೆ ಹೋಗಬೇಡಿ. ಮರುವರ್ಷ, 2019ರಲ್ಲಿ, ಆಸ್ಟ್ರೇಲಿಯಾದಲ್ಲಿ 5,500ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆಸಿದ ಒಂದೇ ದೊಡ್ಡ ಪ್ರಯೋಗದಲ್ಲಿ ಇಂತಹ ಲಾಭ ಕಾಣಲಿಲ್ಲ. ಅದನ್ನು ಬಿಡಿಸಿ ನೋಡಿದಾಗ ತಿಳಿದದ್ದು: ರಕ್ತದಲ್ಲಿ ಮೊದಲೇ ಒಮೆಗಾ-3 ಕಡಿಮೆ ಇದ್ದವರಿಗೆ ಪ್ರಯೋಜನ ಆಗುವಂತಿತ್ತು, ಸಾಕಷ್ಟು ಇದ್ದವರಿಗೆ ಇನ್ನಷ್ಟು ಸುರಿದದ್ದರಿಂದ ಒಳಿತಾಗಲಿಲ್ಲ. ಆ ಸಂಶೋಧಕರು ಗುಳಿಗೆಯನ್ನು 34ನೇ ವಾರಕ್ಕೆ ನಿಲ್ಲಿಸಿದ್ದರು. ದಿನ ಮೀರುವ ಗರ್ಭ ಹೆಚ್ಚಾಗದಿರಲಿ ಎಂಬುದು ಅವರ ಉದ್ದೇಶವಾಗಿತ್ತು.

ಅವಧಿಪೂರ್ವ ಹೆರಿಗೆ ತಡೆಯುವುದಕ್ಕೆಂದೇ ಹೆಚ್ಚಿನ ಪ್ರಮಾಣದ ಮೀನೆಣ್ಣೆ ತೆಗೆದುಕೊಳ್ಳುತ್ತಿರುವವರಿಗೆ 34ನೇ ವಾರದ ಹೊತ್ತಿಗೆ ಅದರ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ, ಆಗ ವೈದ್ಯರನ್ನು ಕೇಳಿ ನಿಲ್ಲಿಸಬಹುದು ಎಂಬುದು ನನ್ನ ಅಭಿಪ್ರಾಯ. ದಿನಕ್ಕೆ 200–300 ಮಿಲಿಗ್ರಾಂ ಡಿಎಚ್‌ಎ ಮಾತ್ರ ತೆಗೆದುಕೊಳ್ಳುವವರು ಮುಂದುವರಿಸಿದರೂ ಚಿಂತೆಯಿಲ್ಲ. ಕೊನೆಯ ಮೂರು ತಿಂಗಳಲ್ಲೇ ಮಗುವಿನ ಮಿದುಳಿಗೂ ಕಣ್ಣಿನ ಪರದೆಗೂ ಡಿಎಚ್‌ಎ ಹೆಚ್ಚಾಗಿ ಸೇರುತ್ತದೆ.

ದಿನ ಮೀರುವುದಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ನಮ್ಮ ಜಿಲ್ಲೆಯ ಒಂದು ಅಭ್ಯಾಸವೂ ಕಾರಣ. ಕೊನೆಯ ಮುಟ್ಟಿನ ದಿನಾಂಕ ಕೇಳಿದರೆ "ಯುಗಾದಿ ಆಗಿ ಎಂಟು ದಿನಕ್ಕೆ", "ಊರಹಬ್ಬದ ಹಿಂದಿನ ವಾರ" ಎಂಬ ಉತ್ತರ ಇಂದಿಗೂ ಬರುತ್ತದೆ. ಆ ನೆನಪು ಎರಡು ವಾರ ಆಚೀಚೆಯಾದರೆ, 42 ವಾರ ಮುಟ್ಟಿದ ಗರ್ಭವನ್ನು 40 ಎಂದುಕೊಂಡು ಮನೆಯಲ್ಲೇ ಕೂರುತ್ತೇವೆ. ಆ ಹೊತ್ತಿಗೆ ಮಾಸಿನ ಶಕ್ತಿ ಕುಂದುತ್ತದೆ, ಮಗುವಿನ ಸುತ್ತಲಿನ ನೀರು ತಗ್ಗುತ್ತದೆ, ಮಗು ಒಳಗೇ ಮಲ ಮಾಡಿಕೊಳ್ಳುವ ಸಂಭವ ಹೆಚ್ಚುತ್ತದೆ. ಆದ್ದರಿಂದ 24 ವಾರದೊಳಗೆ ಒಂದು ಸ್ಕ್ಯಾನಿಂಗ್ ಮಾಡಿಸಿ, ಅದರಲ್ಲಿ ಬಂದ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಎದ್ದು ಕಾಣುವಂತೆ ಬರೆಸಿಕೊಳ್ಳಿ. 41 ವಾರ ಮುಗಿದರೆ ಔಷಧ ಕೊಟ್ಟು ನೋವು ಬರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಡಾಕ್ಟರು ಆಸ್ಪತ್ರೆಗೆ ಸೇರಿಕೊಳ್ಳಿ ಎಂದಾಗ "ಅಮಾವಾಸ್ಯೆ ಕಳೆಯಲಿ" ಎಂದು ಮುಂದೂಡಬೇಡಿ. ಮಗುವಿನ ಓಡಾಟ ಕಡಿಮೆಯಾಯಿತೆನಿಸಿದರೆ ಯಾವ ವಾರವಾದರೂ ಸರಿ, ಅದೇ ಗಳಿಗೆಯಲ್ಲಿ ಹೊರಡಿ.

ಇದರ ಜೊತೆಗೇ ಹರಳೆಣ್ಣೆಯ ಮಾತು. ತಿಂಗಳು ತುಂಬಿದ ಮೇಲೆ ಹರಳೆಣ್ಣೆ ಕುಡಿಸಿದರೆ ನೋವು ಬರುತ್ತದೆ ಎಂದು ಕೆಲವು ಮನೆಗಳಲ್ಲಿ ಕುಡಿಸುತ್ತಾರೆ. ಅದು ಕರುಳನ್ನು ಕೆರಳಿಸಿ ಭೇದಿ ಹಿಡಿಸುತ್ತದೆ, ಗರ್ಭಕೋಶವನ್ನೂ ಕೆರಳಿಸುತ್ತದೆ. ಹಿಂದೆ ಸಿಸೇರಿಯನ್ ಆದವರಿಗೆ ಅದು ಅಪಾಯಕಾರಿ. ಮೀನೆಣ್ಣೆಗೆ ಆ ಗುಣವಿಲ್ಲ, ಮೀನೆಣ್ಣೆ ನುಂಗಿದರೆ ಮಗು ಜಾರಿ ಬರುವುದೂ ಇಲ್ಲ.

ಈಗ ಸೀಸೆಯನ್ನು ಕೈಗೆತ್ತಿಕೊಳ್ಳೋಣ. ಈ ಡಬ್ಬಿಯನ್ನು ಇಲ್ಲೇ ಪೇಟೆಯಲ್ಲಿ ಕೊಂಡೆ. ಮುಂದುಗಡೆ ದೊಡ್ಡ ಅಕ್ಷರದಲ್ಲಿ 1000 ಮಿಲಿಗ್ರಾಂ ಎಂದಿದೆ. ಹಿಂದೆ ತಿರುಗಿಸಿ, ಸಣ್ಣ ಅಕ್ಷರ ಓದಿ. ಇಪಿಎ 180, ಡಿಎಚ್‌ಎ 120. ಅಂದರೆ ನಿಮಗೆ ಬೇಕಾದದ್ದು 300 ಮಾತ್ರ, ಉಳಿದ 700 ಬೇರೆ ಕೊಬ್ಬು. ಗರ್ಭಿಣಿಗೆ ದಿನಕ್ಕೆ ಇಪಿಎ-ಡಿಎಚ್‌ಎ ಸೇರಿ 300 ಮಿಲಿಗ್ರಾಂ, ಅದರಲ್ಲಿ ಡಿಎಚ್‌ಎ ಕನಿಷ್ಠ 200 ಇರಲಿ ಎನ್ನುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರ ಸಲಹೆ. ಆದ್ದರಿಂದ ಡಬ್ಬಿಯ ಮುಂದುಗಡೆಯ ಅಂಕಿ ನೋಡಿ ಬೆಲೆ ಕಟ್ಟಬೇಡಿ. ಗುಳಿಗೆಯ ಸಂಖ್ಯೆಯನ್ನು ನೀವಾಗಿ ಏರಿಸಲೂ ಬೇಡಿ.

ಇನ್ನೊಂದು ಡಬ್ಬಿ ನೋಡಿ. ಇದೂ ಹಳದಿ, ಇದೂ ಪಾರದರ್ಶಕ ಗುಳಿಗೆ, ಅಂಗಡಿಯಲ್ಲಿ ಇದನ್ನೂ ಮೀನೆಣ್ಣೆ ಎಂದೇ ಕೊಡುತ್ತಾರೆ. ಆದರೆ ಇದು ಕಾಡ್ ಎಂಬ ಮೀನಿನ ಪಿತ್ತಜನಕಾಂಗದಿಂದ ತೆಗೆದದ್ದು. ಮೀನಿನ ಮೈಯ ಎಣ್ಣೆಯಲ್ಲಿ ಇರದಷ್ಟು ಎ ಜೀವಸತ್ವ ಇದರಲ್ಲಿದೆ. ರೆಟಿನಾಲ್ ರೂಪದ ಎ ಜೀವಸತ್ವ ಅತಿಯಾದರೆ ಹುಟ್ಟುವ ಮಗುವಿನ ಅಂಗಾಂಗಗಳಿಗೆ ಊನವಾಗಬಹುದು. ಆ ಅಪಾಯ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಗರ್ಭಿಣಿಯರು ಮೀನಿನ ಪಿತ್ತಜನಕಾಂಗದ ಎಣ್ಣೆಯ ಗುಳಿಗೆಗಳನ್ನು ತೆಗೆದುಕೊಳ್ಳಬಾರದು ಎಂದು ಬ್ರಿಟನ್ನಿನ ಆರೋಗ್ಯ ಸೇವೆ ಯಾವ ತಿಂಗಳೆಂದು ವಿಂಗಡಿಸದೆ ಹೇಳುತ್ತದೆ. ನಾನೂ ಹಾಗೆಯೇ ಹೇಳುತ್ತೇನೆ. ಮನೆಯಲ್ಲಿ ಮಕ್ಕಳಿಗೆಂದು ತಂದಿಟ್ಟ ಡಬ್ಬಿಯಿಂದ ಬಸುರಿ ಸೊಸೆಗೆ ಎರಡು ಕೊಡುವ ಅತ್ತೆಯರು ದಯವಿಟ್ಟು ಇದನ್ನು ಗಮನಿಸಿ. ನಿಮ್ಮ ಪ್ರೀತಿ ದೊಡ್ಡದು, ಡಬ್ಬಿ ಮಾತ್ರ ಬೇರೆ.

ಪಾದರಸದ ಬಗ್ಗೆ ಕೇಳುತ್ತೀರಿ. ಪಾದರಸ ಸೇರುವುದು ಮೀನಿನ ಮಾಂಸದಲ್ಲಿ, ಎಣ್ಣೆಯಲ್ಲಿ ಅಲ್ಲ. ಶುದ್ಧೀಕರಿಸಿದ ಎಣ್ಣೆಯಲ್ಲಿ ಅದರ ಚಿಂತೆ ಬೇಡ. ಕೊಬ್ಬಿನಲ್ಲಿ ಕರಗುವ ಬೇರೆ ಕಶ್ಮಲಗಳನ್ನು ತೆಗೆಯಲು ಒಳ್ಳೆಯ ತಯಾರಕರು ಎಣ್ಣೆಯನ್ನು ಬಟ್ಟಿ ಇಳಿಸುತ್ತಾರೆ. ಅದಕ್ಕೇ ಹೆಸರಿಲ್ಲದ ಡಬ್ಬಿ ಬೇಡ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ತಯಾರಾದ ದಿನ, ಮುಗಿಯುವ ದಿನ ಇರಲಿ. ಈ ಎಣ್ಣೆ ಬೇಗ ಕಮಟುತ್ತದೆ. ಬೇಸಗೆಯಲ್ಲಿ ತಗಡಿನ ಸೂರಿನ ಕೆಳಗೆ, ಒಲೆಯ ಪಕ್ಕದ ಗೂಡಿನಲ್ಲಿ ಇಡಬೇಡಿ. ತಿಂಗಳಿಗೊಮ್ಮೆ ಒಂದು ಗುಳಿಗೆ ಕತ್ತರಿಸಿ ಮೂಸಿ ನೋಡಿ. ತೆಳುವಾದ ಮೀನಿನ ವಾಸನೆ ಸಹಜ, ಹಳೆಯ ಬಣ್ಣದ ಡಬ್ಬದಂತೆ ಗಾಟು ಬಡಿದರೆ ಎಸೆಯಿರಿ. ನ್ಯೂಜಿಲೆಂಡಿನಲ್ಲಿ ಗಬ್ಬದ ಇಲಿಗಳಿಗೆ ವಿಪರೀತ ಕಮಟಿದ ಮೀನೆಣ್ಣೆ ತಿನ್ನಿಸಿದಾಗ ಮರಿಗಳ ಸಾವು ಹೆಚ್ಚಾಯಿತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು, ಆದರೂ ಕಮಟು ಎಣ್ಣೆಯನ್ನು ಗರ್ಭಿಣಿ ಏಕೆ ನುಂಗಬೇಕು?

ಕೊನೆಯ ತಿಂಗಳಲ್ಲಿ ಎದೆಯುರಿ ಮೊದಲೇ ಇರುತ್ತದೆ, ಗುಳಿಗೆ ಅದಕ್ಕೆ ಮೀನಿನ ತೇಗನ್ನು ಸೇರಿಸುತ್ತದೆ. ಮಧ್ಯಾಹ್ನದ ಊಟದ ನಡುವೆ ನುಂಗಿ, ಮಲಗುವ ಮುಂಚೆ ಬೇಡ.

ಮೀನು ತಿನ್ನುವ ಮನೆಯವರು ಗುಳಿಗೆಗೆ ಹಣ ಹಾಕುವ ಮೊದಲು ಮೀನಿಗೇ ಹಾಕಿ. ಮಂಗಳೂರು ಕಡೆಯಿಂದ ಐಸಿನಲ್ಲಿ ಬರುವ ಭೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಧಾರಾಳ, ಸಣ್ಣ ಮೀನುಗಳಾದ್ದರಿಂದ ಪಾದರಸ ಕಡಿಮೆ. ವಾರಕ್ಕೆ ಎರಡು ದಿನ ಚೆನ್ನಾಗಿ ಬೇಯಿಸಿ ತಿಂದರೆ ಸಾಕು. ನಮ್ಮ ಕೆರೆಗಳ ಕಾಟ್ಲಾ, ರೋಹು ಒಳ್ಳೆಯ ಪ್ರೋಟೀನು ಕೊಡುತ್ತವೆ, ಈ ಕೊಬ್ಬು ಅವುಗಳಲ್ಲಿ ಕಡಿಮೆ. ಶಾರ್ಕ್ ಮತ್ತು ಬಹಳ ದೊಡ್ಡ ಕಡಲ ಮೀನುಗಳು ಬೇಡ. ಬಿ.ಪಿ. ಇದ್ದವರಿಗೆ ಉಪ್ಪು ಹಾಕಿದ ಒಣಮೀನು ಬೇಡ.

ಮೀನು ಮುಟ್ಟದ ಮನೆಯವರು ಬೇಸರ ಪಡಬೇಡಿ. ಅಗಸೆ, ಅಕ್ರೋಟುಗಳಲ್ಲಿ ಒಮೆಗಾ-3ರ ಇನ್ನೊಂದು ರೂಪವಿದೆ, ದೇಹ ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಡಿಎಚ್‌ಎ ಮಾಡಿಕೊಳ್ಳುತ್ತದೆ. ನಾವು ಮೆಚ್ಚುವ ಹುಚ್ಚೆಳ್ಳಿನ ಚಟ್ನಿಪುಡಿ ರುಚಿಗೆ ಸೊಗಸು, ಅದರ ಎಣ್ಣೆ ಮಾತ್ರ ಬಹುಪಾಲು ಒಮೆಗಾ-6. ಮೀನಿಗೂ ಡಿಎಚ್‌ಎ ಸಿಗುವುದು ಕಡಲ ಪಾಚಿಯಿಂದಲೇ, ಆದ್ದರಿಂದ ಪಾಚಿಯಿಂದ ತೆಗೆದ ಸಸ್ಯಮೂಲದ ಗುಳಿಗೆಯೂ ಸಿಗುತ್ತದೆ. ಮೀನಿನ ಅಲರ್ಜಿ ಇದ್ದವರಿಗೂ ಅದೇ ದಾರಿ. ಬೆಳಗಾವಿಯಲ್ಲಿ ಇಂತಹ ಪಾಚಿಮೂಲದ ಡಿಎಚ್‌ಎಯನ್ನು ದಿನಕ್ಕೆ 400 ಮಿಲಿಗ್ರಾಂನಂತೆ ಗರ್ಭಿಣಿಯರಿಗೆ ಕೊಟ್ಟು ಪರೀಕ್ಷಿಸಿದ್ದಾರೆ. ವರ್ಷ ತುಂಬಿದ ಮಕ್ಕಳ ಬೆಳವಣಿಗೆಯಲ್ಲಿ ಗುಳಿಗೆ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಮಗು ಬುದ್ಧಿವಂತ ಆಗುತ್ತದೆಂದು ಸಾಲ ಮಾಡಿ ಡಬ್ಬಿ ಕೊಳ್ಳುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಏಕೆಂದರೆ ಇಲ್ಲಿ ನನಗೆ ನಿಜವಾಗಿಯೂ ಸಂಕಟವಾಗುವ ವಿಷಯವಿದೆ. ಉಚಿತವಾಗಿ ಕೊಟ್ಟ ಕಬ್ಬಿಣದ ಮಾತ್ರೆ ಕಪಾಟಿನಲ್ಲಿ ಹಾಗೇ ಇರುತ್ತದೆ, ದುಡ್ಡು ಕೊಟ್ಟು ತಂದ ಮೀನೆಣ್ಣೆ ತಪ್ಪದೆ ಹೊಟ್ಟೆ ಸೇರುತ್ತದೆ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಹೆರಿಗೆಯಲ್ಲಿ ರಕ್ತ ಹೋದಾಗ ಜೀವ ಹಿಡಿದಿಡುವುದು ಆ ಕಬ್ಬಿಣ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಹಳೆಯ ದಾಖಲೆ ಹಿಡಿದು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ, ಅದರಲ್ಲೂ ಗರ್ಭದಲ್ಲಿದ್ದಾಗ ತಾಯಿಯ ತೂಕವೂ ಕಡಿಮೆ ಇದ್ದವರಲ್ಲಿ, ಮುಂದೆ ಹೃದ್ರೋಗ ಹೆಚ್ಚು ಕಂಡಿತು. ತಾಯಿ ಹೊಟ್ಟೆ ತುಂಬ ಉಂಡಳೇ ಎಂಬ ಪ್ರಶ್ನೆ ಮಗುವಿನ ಮುಪ್ಪಿನವರೆಗೂ ಹಿಂಬಾಲಿಸುತ್ತದೆ. ಅಂಗನವಾಡಿಯ ಊಟ, ಮೊಟ್ಟೆ, ಹಾಲು ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಆಮೇಲೆ. ಮೀನೆಣ್ಣೆಯ ಸರದಿ ಅದಾದ ಮೇಲೆ.

ಕೊನೆಯಲ್ಲಿ ಇಬ್ಬರು ಕೇಳಿದ ಪ್ರಶ್ನೆಗಳು. "ಸಿಸೇರಿಯನ್ನಿಗೆ ದಿನ ಗೊತ್ತಾಗಿದೆ, ಎಷ್ಟು ದಿನ ಮುಂಚೆ ನಿಲ್ಲಿಸಬೇಕು?" ಎಂದು ಒಬ್ಬ ತಂಗಿ ಕೇಳಿದರು. ಸಾಮಾನ್ಯ ಪ್ರಮಾಣವಾದರೆ ನಿಲ್ಲಿಸಲೇಬೇಕೆಂದಿಲ್ಲ. ಅರಿವಳಿಕೆ ಕೊಡುವ ವೈದ್ಯರು ಏನೇನು ಔಷಧ ನುಂಗುತ್ತೀರಿ ಎಂದು ಕೇಳುವಾಗ ಇದನ್ನೂ ಸೇರಿಸಿ ಹೇಳಿ, ಅವರು ನಿಲ್ಲಿಸಿ ಎಂದರೆ ನಿಲ್ಲಿಸಿ. ತಾಯಿ ಕಾರ್ಡಿನಲ್ಲಿ ಗುಳಿಗೆಯ ಹೆಸರು, ಪ್ರಮಾಣ ಬರೆದಿಟ್ಟಿದ್ದರೆ ನಡುರಾತ್ರಿ ನೋವು ಬಂದು ಬೇರೆ ಆಸ್ಪತ್ರೆಗೆ ಹೋದರೂ ಅಲ್ಲಿನವರಿಗೆ ತಿಳಿಯುತ್ತದೆ.

"ಬಾಣಂತಿಗೆ ಮೀನು ಕೊಡಬಹುದೇ? ನಮ್ಮಲ್ಲಿ ನಂಜು ಎಂದು ಮೂರು ತಿಂಗಳು ಮುಟ್ಟಿಸುವುದಿಲ್ಲ" ಎಂದು ಅವರ ಅಮ್ಮ ಕೇಳಿದರು. ಧಾರಾಳವಾಗಿ ಕೊಡಿ. ತಾಯಿ ಏನು ತಿನ್ನುತ್ತಾಳೋ ಅದರ ಮೇಲೆಯೇ ಎದೆಹಾಲಿನ ಡಿಎಚ್‌ಎ ಏರುವುದು, ಇಳಿಯುವುದು. ಹಸಿಮೈ ಎಂದು ಖಾರ ಕಡಿಮೆ ಮಾಡಿ, ಹಬೆಯಲ್ಲಿ ಬೇಯಿಸಿಯೋ ತೆಳುವಾದ ಸಾರು ಮಾಡಿಯೋ ಬಡಿಸಿ. ಹಿಂದೆ ಯಾವತ್ತೂ ಮೀನಿನಿಂದ ಮೈ ತುರಿಸಿರದಿದ್ದರೆ, ಹೆರಿಗೆಯಾದ ವಾರದಿಂದಲೇ ಶುರು ಮಾಡಬಹುದು.